ಶಾಸ್ತ್ರದಾನವೂ ಬೀಗದ ಪುಸ್ತಕವೂ

ಅರಕಲಗೂಡಿನಲ್ಲಿ ನೆಲೆಸಿರುವ ನಮ್ಮ ಸೋದರಮಾವನವರು, ಮೂವತ್ತು ವರ್ಷಗಳಿಗೂ ಮಿಕ್ಕಿ ಉಪಾಧ್ಯಾಯ ವೃತ್ತಿಯಲ್ಲಿದ್ದು ವಿಶ್ರಾಂತರಾದವರು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ತರುವಾಯ ಸಣ್ಣ ಅಕ್ಷರದ ಗ್ರಂಥಗಳನ್ನು ಓದಲಾರದೆ ಬಹುವಾಗಿ ಪರಿತಪಿಸುತ್ತಿದ್ದರು. ಅವರ ಬೀರುವಿನ ಎರಡು ಅರೆಗಳನ್ನು ತುಂಬಿರುವುದು ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಪ್ರಕಟಣೆಗಳು. 1920ರಲ್ಲಿ ಆ ಕಾರ್ಯಾಲಯವನ್ನು ಸ್ಥಾಪಿಸಿದ ವೈ. ಸುಬ್ಬರಾಯರು, 1948ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳೆನಿಸಿ, 1975ರಲ್ಲಿ ದೇಹವನ್ನು ಬಿಡುವವರೆಗೂ ಬರೆದ ಗ್ರಂಥಗಳ ಸಂಖ್ಯೆ ಇನ್ನೂರನ್ನು ಮೀರುವುದು. ಶಂಕರಾಚಾರ್ಯರ ಭಾಷ್ಯಗಳು ಸಂಸ್ಕೃತವರಿಯದ ಶಾಲಾಮಾಸ್ತರರ ಮನೆಯನ್ನೂ ಹೊಕ್ಕದ್ದು ಅವರ ಕನ್ನಡ ಅನುವಾದಗಳ ದೆಸೆಯಿಂದ.

“ನೋಡಪ್ಪ, ಅದೇನೋ ಪುಸ್ತಕ ಓದೋ ಮಿಷನ್ನು ಬಂದಿದೆಯಂತಲ್ಲ, ಯಾವುದು ಒಳ್ಳೇದೋ ವಿಚಾರಿಸಿ ತಂದುಕೊಡು. ಆದರೆ ಹೊಳೆನರಸೀಪುರದ ಪುಸ್ತಕ ಅದರಲ್ಲಿ ಬರಬೇಕು” ಎಂದು ಮಾವನವರು ಅಪ್ಪಣೆ ಮಾಡಿದರು. ಆ ಗ್ರಂಥಗಳಲ್ಲಿ ಹಲವು ಈಗ ಪಿ.ಡಿ.ಎಫ್. ರೂಪದಲ್ಲಿ ದೊರೆಯುವುದರಿಂದ, ಕಾರ್ಯವು ಸುಲಭವೆಂದೇ ಬಗೆದು ನಾನು ಒಪ್ಪಿಕೊಂಡೆ.

ಹಾಸನದ ಇಬ್ಬರು ಸ್ನೇಹಿತರಿಂದ ಎರಡು ಬೇರೆ ಬೇರೆ ಪಾಳಯದ ಇ-ರೀಡರುಗಳನ್ನು, ಒಂದು ಕಿಂಡಲ್, ಇನ್ನೊಂದು ಕೋಬೋ, ಎರವಲಾಗಿ ತಂದು ಮೇಜಿನ ಮೇಲೆ ಜೊತೆಜೊತೆಯಾಗಿರಿಸಿ ನೋಡಿದೆ. ಎರಡರ ಪರದೆಯೂ ಒಂದೇ ತತ್ತ್ವದ್ದು: ಕೂದಲಿನ ಗಾತ್ರದ ಕೋಶಗಳೊಳಗೆ ವಿದ್ಯುದಾವಿಷ್ಟವಾದ ಕಪ್ಪು ಬಿಳುಪು ಕಣಗಳು ಮೇಲೇಳುತ್ತ ಕೆಳಗಿಳಿಯುತ್ತ ಅಕ್ಷರವನ್ನು ರೂಪಿಸುವುವು, ಪುಟವನ್ನು ತಿರುವುವಾಗಲಲ್ಲದೆ ನಿಂತ ಪುಟವನ್ನು ನಿಲ್ಲಿಸಿಕೊಂಡಿರಲು ವಿದ್ಯುತ್ತು ಬೇಡ. ಕಣ್ಣಿಗೆ ಹಿತವಾದ ಈ ಗುಣದಲ್ಲಿ ಇವೆರಡಕ್ಕೂ ಭೇದವಿಲ್ಲ. ಭೇದವಿದ್ದದ್ದು ಕಡತದ ಜಾತಿಯಲ್ಲಿ. ಕೋಬೋ ಯಂತ್ರವು ಇ-ಪಬ್ ಎಂಬ ಸಾರ್ವತ್ರಿಕ ರೂಪವನ್ನು ನೇರವಾಗಿ ತೆರೆಯುವುದು. ಕಿಂಡಲ್ ತನ್ನ ಸ್ವಂತ ರೂಪವನ್ನೇ ಬಯಸುವುದರಿಂದ ಇ-ಪಬ್ಬನ್ನು ಕಂಪನಿಯ ಮೂಲಕ ಕಳುಹಿಸಿ ಮಾರ್ಪಡಿಸಿಕೊಳ್ಳಬೇಕು. ಅಂಗಡಿಯ ವಿಚಾರದಲ್ಲಿ ಕನ್ನಡಿಗರಿಗೆ ಇನ್ನೊಂದು ಕೊರತೆ: 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ಲಿಗೆ ಭಾರತೀಯ ಭಾಷೆಗಳನ್ನು ಬರಮಾಡಿಕೊಂಡಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿಗೆ ಮನ್ನಣೆ ದೊರೆಯಿತೇ ಹೊರತು ಕನ್ನಡಕ್ಕೆ ದೊರೆಯಲಿಲ್ಲ.

ಹೊಳೆನರಸೀಪುರದ ಸೂತ್ರಭಾಷ್ಯದ ಪಿ.ಡಿ.ಎಫ್. ಅನ್ನು ಎರಡರಲ್ಲಿಯೂ ತೆರೆದೆ. ಅದು ಅಚ್ಚಾದ ಪುಟದ ಛಾಯಾಚಿತ್ರ. ಆದುದರಿಂದ ಆರಂಗುಲದ ಪರದೆಯಲ್ಲಿ ಪುಟವೆಲ್ಲ ಕುಗ್ಗಿ, ಒತ್ತಕ್ಷರಗಳು ಇರುವೆಯ ಕಾಲಿನಂತೆ ತೋರಿದುವು. ಹಿಗ್ಗಿಸಿದರೆ ಸಾಲಿನ ತುದಿ ಪರದೆಯಾಚೆಗೆ ಸರಿದು, ಪೂರ್ವಪಕ್ಷ ಮಾತ್ರ ಕಂಡು ಸಿದ್ಧಾಂತವು ಮರೆಯಾಗುತ್ತಿತ್ತು! ಪುಟದಳತೆಗೆ ಸಮೀಪವಾದ ಹತ್ತಂಗುಲದ ಪರದೆಯೇ ಇದಕ್ಕೆ ಮದ್ದೆಂದು ನಿಶ್ಚಯಿಸಿ, ಅರಕಲಗೂಡಿಗೆ ಹೋಗಿ ಮಾವನವರಿಗೆ ಎಲ್ಲವನ್ನೂ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿ, ಕೊನೆಗೆ ಒಂದು ಪ್ರಶ್ನೆಯನ್ನು ಹಾಕಿದರು.

“ಅಲ್ಲಿ ದುಡ್ಡು ಕೊಟ್ಟು ಪುಸ್ತಕ ತಗೊಂಡೆ ಅನ್ನು. ಓದಿ ಆದಮೇಲೆ ಚನ್ನರಾಯಪಟ್ಟಣದ ಭಾವನವರಿಗೆ ಕೊಡಬಹುದೇನೋ?”

“ಪುಸ್ತಕ ಕೊಡೋಕಾಗಲ್ಲ ಮಾವ. ಮಿಷನ್ನನ್ನೇ ಕೊಡಬೇಕು.”

“ಹಾಗಾದರೆ ಅದು ನನ್ನದು ಹೇಗಾಯಿತೋ?”

ಹೀಗೆಂದವರೇ ಎದ್ದು, ಬೀರುವಿನಿಂದ ಗೀತಾಭಾಷ್ಯದ ಸಂಪುಟವೊಂದನ್ನು ತೆಗೆದು ಮೊದಲ ಹಾಳೆಯನ್ನು ತೋರಿಸಿದರು. ಅದರಲ್ಲಿ ಮೂರು ಕೈಬರಹಗಳಿದ್ದುವು: ಟಾಕಿನ ದಪ್ಪ ಶಾಯಿಯಲ್ಲಿ ಅವರ ತಂದೆಯ ಹೆಸರು, ಅದರ ಕೆಳಗೆ ನೀಲಿ ಶಾಯಿಯಲ್ಲಿ ಅವರಣ್ಣನದು, ಕಡೆಗೆ ಅವರದೇ. ಒಂದು ಹೆಸರನ್ನು ಹೊಡೆದುಹಾಕಿ ಮತ್ತೊಂದನ್ನು ಬರೆದಿರಲಿಲ್ಲ.

ವೇದಾಂತವು ‘ನನ್ನದು’ ಎಂಬ ಬುದ್ಧಿಯನ್ನೇ ಬಂಧನದ ಮೂಲವೆಂದು ಸಾರುವಾಗ, ಇನ್ನೊಬ್ಬರಿಗೆ ಕೊಡಲಾಗದಂತೆ ಮಾರಿದವನು ಬೀಗ ಹಾಕಿದ ಇ-ಪುಸ್ತಕವು ನನ್ನದಲ್ಲವೆಂಬುದರಿಂದ ಮುಮುಕ್ಷುವಿಗೆ ಆಗುವ ಹಾನಿಯೇನು, ಇದು ಅಯಾಚಿತವಾಗಿ ಒದಗಿದ ಅಪರಿಗ್ರಹವಲ್ಲವೆ, ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಸೂಕ್ಷ್ಮವಾಗಿ ವಿಚಾರಿಸಿದರೆ, ತ್ಯಾಗವೆಂಬುದು ಸ್ವತ್ವವಿದ್ದೆಡೆಯಲ್ಲಿ ಮಾತ್ರ ಸಂಭವಿಸುವ ಕ್ರಿಯೆ. ತನ್ನದಲ್ಲದ್ದನ್ನು ಬಿಟ್ಟವನು ತ್ಯಾಗಿಯಾಗಲಾರನು, ತನ್ನದಲ್ಲದ್ದನ್ನು ಕೊಟ್ಟವನು ದಾನಿಯಾಗಲಾರನು. ಬೀಗದ ಪುಸ್ತಕವು ನಮ್ಮಿಂದ ಕಸಿದುಕೊಳ್ಳುವುದು ಮಮಕಾರವನ್ನಲ್ಲ, ಅದನ್ನು ದಾಟುವ ದಾರಿಯಾದ ದಾನವನ್ನು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರವನ್ನೂ ಸೇರಿಸಿ ಜೈನಧರ್ಮವು ದಾನವನ್ನು ನಾಲ್ಕು ಬಗೆಯೆಂದಿತು. ಹಸಿದವನಿಗೆ ಅನ್ನವೆಷ್ಟೋ ಅರಿಯಬಯಸುವವನಿಗೆ ಗ್ರಂಥವೂ ಅಷ್ಟೇ ಎಂಬುದು ಅದರ ತಾತ್ಪರ್ಯ. 10ನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳೆಂದರೆ, ಅಂದು ಒಂದೊಂದು ಪ್ರತಿಯೂ ಲಿಪಿಕಾರನೊಬ್ಬನು ಗರಿಗರಿಗೂ ಕಂಟದಿಂದ ಕೊರೆದು ಮಸಿ ತೊಡೆದು ಮುಗಿಸಬೇಕಾಗಿದ್ದ ಕಾರ್ಯವೆಂಬುದನ್ನು ನೆನೆಯಬೇಕು. ಪ್ರತಿಮಾಡುವುದು ಅಷ್ಟು ದುಸ್ಸಾಧ್ಯವಾಗಿದ್ದ ಕಾಲದಲ್ಲಿ ಸಾವಿರ ಪ್ರತಿಗಳಾದುವು. ಬೆರಳೊತ್ತಿದರೆ ಲಕ್ಷ ಪ್ರತಿಗಳಾಗುವ ಈ ಕಾಲದಲ್ಲಿ ಒಂದನ್ನು ಭಾವನವರಿಗೆ ಕೊಡಲಾಗದು.

ಹಿಂದಿನವರೂ ಬೀಗ ಹಾಕಿದವರೇ ಅಲ್ಲವೆ ಎಂದರೆ, ನಿಜ. ಬೆಳಗೊಳದಿಂದಲೇ ಹೋದುವೆಂದು ಪ್ರತೀತಿಯಿರುವ ಧವಲಾದಿ ಜೈನ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆತು ಓದಿಗೆ ದೊರೆಯದೆ ಉಳಿದುವು. ಓಲೆಗಳು ಜೀರ್ಣವಾಗತೊಡಗಿದ ಮೇಲೆ ಬಹು ಪ್ರಯಾಸದಿಂದ ಪ್ರತಿಗೆ ಒಪ್ಪಿಗೆಯಾಯಿತು. ಆಗಲೂ ಪ್ರತಿಯು ಹೊರಗೆ ಹೋಗಕೂಡದೆಂಬ ಕಟ್ಟಳೆಯಿದ್ದು, ಬರೆಯಲು ಕುಳಿತ ಪಂಡಿತರೊಬ್ಬರು ಗುಟ್ಟಾಗಿ ಎತ್ತಿಕೊಂಡ ಮತ್ತೊಂದು ಪ್ರತಿಯೇ ಉತ್ತರ ದೇಶವನ್ನು ಸೇರಿತು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಅಚ್ಚಾಯಿತು. ಆ ಬೀಗವನ್ನು ಹಾಕಿದ್ದು ಭಕ್ತಿ ಮತ್ತು ಭಯ. ಗ್ರಂಥವು ಕೆಟ್ಟೀತೆಂಬ ಕಳವಳದಿಂದ ಹಾಕಿದ ಬೀಗವೇ ಗ್ರಂಥವನ್ನು ಹುಳುವಿಗೆ ಈಡುಮಾಡುತ್ತಿತ್ತೆಂಬುದು ಅದರಿಂದ ಕಲಿಯಬೇಕಾದ ಪಾಠ.

ಇಂದಿನ ಬೀಗವನ್ನು ಹಾಕುವುದು ವ್ಯಾಪಾರ. ಅದರ ಕೀಲಿಯು ಮಾರಿದವನ ಬಳಿಯಲ್ಲಿಯೇ ಉಳಿಯುವುದು. 2009ರ ಜುಲೈಯಲ್ಲಿ, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಜಾರ್ಜ್ ಆರ್ವೆಲ್ಲನ ‘1984’ ಅನ್ನು ಅಮೆಜಾನ್ ತನ್ನ ಗಿರಾಕಿಗಳ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ಹಿಂದಿರುಗಿತು, ಆಮೇಲೆ ಕ್ಷಮಾಪಣೆಯೂ ಬಂದಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಅಂಗಡಿಯೊಡನೆಯೇ ಮುಚ್ಚಿಹೋದುವು. 2025ರ ಫೆಬ್ರವರಿಯಲ್ಲಿ, ಕೊಂಡ ಪುಸ್ತಕವನ್ನು ಅಮೆಜಾನಿನ ಜಾಲತಾಣದಿಂದ ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯ ಮೂಲಕ ಕಿಂಡಲ್ಲಿಗೆ ಸಾಗಿಸುವ ಸೌಕರ್ಯವೂ ನಿಂತಿತು. ಹಾಗೆಂದು ದೋಷವನ್ನು ಒಂದೇ ಪಾಳಯದ ತಲೆಗೆ ಕಟ್ಟುವುದು ನ್ಯಾಯವಲ್ಲ. ಪ್ರಕಾಶಕರು ಬಯಸಿದಲ್ಲಿ ಕೋಬೋ ಅಂಗಡಿಯೂ ಬೀಗ ಹಾಕುವುದು, ಬೀಗವಿಲ್ಲದ ಪಿ.ಡಿ.ಎಫ್. ಅನ್ನು ಕಿಂಡಲ್ಲೂ ತಕರಾರಿಲ್ಲದೆ ತೆರೆಯುವುದು. ಬೀಗವಿರುವುದು ಯಂತ್ರದಲ್ಲಲ್ಲ, ಪುಸ್ತಕದಲ್ಲಿ. ನಾನು ಮೇಜಿನ ಮೇಲೆ ಎರಡು ಯಂತ್ರಗಳನ್ನಿರಿಸಿಕೊಂಡು ಪರೀಕ್ಷಿಸಿದ್ದು ಪ್ರಶ್ನೆಯ ಹೊರಮೈಯನ್ನು ಮಾತ್ರ. ಒಳಮೈ ಮಾವನವರಿಗೆ ಕಂಡಿತು.

ಲೇಖಕನೂ ಉಣ್ಣಬೇಕು, ಪ್ರಕಾಶಕನೂ ಬದುಕಬೇಕು. ಬೆಲೆ ಕೊಡದೆ ಕದ್ದು ಓದುವುದನ್ನು ದಾನವೆಂದು ಕರೆಯಲಾಗದು. ಒಂದೇ ಪ್ರತಿಯನ್ನು ಕೊಂಡು ಊರಿಗೆಲ್ಲ ಹಂಚುವವನೂ ಅತ್ತಿಮಬ್ಬೆಯ ಹೆಸರನ್ನು ಹೇಳಿಕೊಳ್ಳಲಾರನು, ಏಕೆಂದರೆ ಆಕೆ ಪ್ರತಿಯೊಂದು ಪ್ರತಿಗೂ ತಾನೇ ವೆಚ್ಚಮಾಡಿದಳು. ನಾವು ಬೇಡುವುದಿಷ್ಟೆ: ಕಾಗದದ ಪುಸ್ತಕವನ್ನು ಕೊಂಡವನಿಗೆ ಇದ್ದಷ್ಟು ಅಧಿಕಾರ, ಓದಿ ಮುಗಿಸಿ ಮತ್ತೊಬ್ಬರ ಕೈಗೆ ಒಪ್ಪಿಸುವ ಅಧಿಕಾರ, ಪರದೆಯ ಪುಸ್ತಕವನ್ನು ಕೊಂಡವನಿಗೂ ಇರಲಿ. ಶ್ರೇಯಸ್ಸು ಪ್ರೇಯಸ್ಸುಗಳೆರಡೂ ಮನುಷ್ಯನ ಮುಂದೆ ಬಂದು ನಿಲ್ಲುವುವೆಂದು ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಹೇಳಿದನಷ್ಟೆ. ಒತ್ತಿದೊಡನೆ ಕೈಗೆ ಬರುವ ಪುಸ್ತಕವು ಪ್ರೇಯಸ್ಸು, ಕೈಯಿಂದ ಕೈಗೆ ಹೋಗಬಲ್ಲ ಪುಸ್ತಕವು ಶ್ರೇಯಸ್ಸು.

ಮಾವನವರಿಗೆ ಹತ್ತಂಗುಲದ ಪರದೆಯ, ಇ-ಪಬ್ ಮತ್ತು ಪಿ.ಡಿ.ಎಫ್.ಗಳೆರಡನ್ನೂ ತಂತಿಯಿಂದಲೇ ಸ್ವೀಕರಿಸುವ ಯಂತ್ರವೊಂದನ್ನು ತಂದುಕೊಟ್ಟೆ. ಅದರಲ್ಲಿ ಬೀಗದ ಪುಸ್ತಕ ಒಂದೂ ಇಲ್ಲ. ಓದುಗರು ತಮಗೆ ಒಪ್ಪುವ ಯಂತ್ರವನ್ನು ಕೊಳ್ಳಲಿ. ಬೀಗದ ಪುಸ್ತಕವನ್ನು ಕೊಂಡರೆ ಅದನ್ನು ಗ್ರಂಥಾಲಯದಿಂದ ತಂದ ಎರವಲೆಂದೇ ತಿಳಿಯಲಿ. ಇನ್ನು ಶಾಸ್ತ್ರಗ್ರಂಥಗಳನ್ನು ಇ-ಪುಸ್ತಕವಾಗಿ ಹೊರತರಲಿರುವ ನಮ್ಮ ಮಠಗಳೂ ಪ್ರಕಾಶಕರೂ ಅವುಗಳಿಗೆ ಯೋಗ್ಯವಾದ ಬೆಲೆಯನ್ನಿಡಲಿ, ಬೀಗವನ್ನು ಮಾತ್ರ ಇಡದಿರಲಿ.