ಗ್ಲಾಸು ಅದೇ, ಒಡಲು ಬೇರೆ

‘ನನ್ನ ಲಿಮಿಟ್ಟು ನನಗೆ ಗೊತ್ತು’ ಎಂಬ ಮಾತನ್ನು ಕುಡಿಯುವವರ ಬಾಯಲ್ಲಿ ಎಲ್ಲರೂ ಕೇಳಿರುತ್ತೇವೆ. ಜಂಬದ ಮಾತೆಂದು ಅದನ್ನು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ಹತ್ತಿಪ್ಪತ್ತು ವರ್ಷಗಳ ಅನುಭವ ಇರುತ್ತದೆ. ಎಷ್ಟಕ್ಕೆ ನಾಲಗೆ ತೊದಲುತ್ತದೆ, ಯಾವಾಗ ಎದ್ದು ಮನೆಗೆ ಹೊರಡಬೇಕು ಎಂಬುದನ್ನು ಆತ ತನ್ನ ಮೈಯಿಂದಲೇ ಕಲಿತಿರುತ್ತಾನೆ. ಆ ಮೈಯೇ ಬದಲಾಗಿಬಿಟ್ಟರೆ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 2011ರಲ್ಲಿ ಒಂದು ಪುಟ್ಟ ಅಧ್ಯಯನ ಪ್ರಕಟಿಸಿದರು. ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಳ್ಳಲಿದ್ದ 19 ಮಂದಿಗೆ ಒಂದು ಗ್ಲಾಸು ರೆಡ್ ವೈನ್, ಸುಮಾರು 150 ಮಿ.ಲೀ., ಕುಡಿಸಿ ಉಸಿರನ್ನು ಅಳೆದರು. ಮದ್ಯದ ಗರಿಷ್ಠ ಮಟ್ಟ ಸರಾಸರಿ ಶೇ 0.024ಕ್ಕೆ ಏರಿತು. ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳಿಗೆ ಅದೇ ಜನರಿಗೆ ಅಷ್ಟೇ ವೈನ್ ಕೊಟ್ಟಾಗ ಶೇ 0.088 ತೋರಿಸಿತು. ಮೊದಲು 49 ನಿಮಿಷಕ್ಕೆ ಇಳಿಯುತ್ತಿದ್ದ ಮದ್ಯ ಪೂರ್ತಿ ಇಳಿಯಲು ಈಗ 88 ನಿಮಿಷ ಬೇಕಾಯಿತು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿ ಶೇ 0.03, ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಶೇ 0.08. ಮೊದಲು ನಮ್ಮ ಕಟ್ಟುನಿಟ್ಟಿನ ಕಾನೂನಿಗೂ ಒಳಪಟ್ಟಿದ್ದ ಮನುಷ್ಯ, ಒಂದು ಗುಟುಕೂ ಹೆಚ್ಚು ಕುಡಿಯದೆ, ಅವರ ಸಡಿಲ ಕಾನೂನನ್ನೂ ದಾಟಿದ್ದ.

ಕಾರಣ ಬಹುಮಟ್ಟಿಗೆ ಹೊಟ್ಟೆಯಲ್ಲಿದೆ. ಬೈಪಾಸಿನಲ್ಲಿ ಜಠರದ ಮೇಲ್ಭಾಗವನ್ನು ನಿಂಬೆಹಣ್ಣಿನಷ್ಟು ಚಿಕ್ಕ ಚೀಲವಾಗಿ ಬೇರ್ಪಡಿಸಿ, ಅದನ್ನು ನೇರ ಸಣ್ಣ ಕರುಳಿಗೆ ಹೊಲಿಯುತ್ತಾರೆ. ಮದ್ಯ ಜಠರದಲ್ಲಿ ತಡೆದು ನಿಲ್ಲುವುದಿಲ್ಲ. ಕರುಳಿಗೆ ಸುರಿದು ಕೆಲವೇ ನಿಮಿಷಗಳಲ್ಲಿ ರಕ್ತ ಸೇರುತ್ತದೆ.

ಇಂಥವರಲ್ಲಿ ಕೆಲವರಿಗೆ ಕುಡಿತ ಅಂಟಿಕೊಂಡಾಗ ಜನ ಕೂಡಲೇ ಹೇಳುವುದು, ‘ಊಟ ಬಿಟ್ಟವನು ಬಾಟಲಿ ಹಿಡಿದ’ ಎಂದು. ಚಟ ಮನಸ್ಸಿನಲ್ಲಿತ್ತು, ವಸ್ತು ಮಾತ್ರ ಬದಲಾಯಿತು ಎಂಬ ತರ್ಕ ಇದು. ನನಗೆ ಇದು ಅರ್ಧ ಸತ್ಯದಂತೆಯೂ ಪೂರ್ತಿ ಅನ್ಯಾಯದಂತೆಯೂ ಕಾಣುತ್ತದೆ. ಅಮೆರಿಕದ ಹತ್ತು ಆಸ್ಪತ್ರೆಗಳ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2017ರಲ್ಲಿ ಬಂದ ವರದಿಯ ಪ್ರಕಾರ, ಬೈಪಾಸ್ ಆದ ಐದು ವರ್ಷದೊಳಗೆ ಶೇ 20.8ರಷ್ಟು ಮಂದಿಯಲ್ಲಿ ಕುಡಿತದ ಸಮಸ್ಯೆಯ ಲಕ್ಷಣಗಳು ಹೊಸದಾಗಿ ಕಂಡವು. ಜಠರಕ್ಕೆ ಬರೀ ಪಟ್ಟಿ ಬಿಗಿಸಿಕೊಂಡವರಲ್ಲಿ ಈ ಪ್ರಮಾಣ ಶೇ 11.3. ಇಬ್ಬರೂ ಊಟ ಕಡಿಮೆ ಮಾಡಿದವರೇ. ದೋಷವೆಲ್ಲ ಮನಸ್ಸಿನದಾಗಿದ್ದರೆ ಇಷ್ಟು ಅಂತರ ಏಕೆ ಬರಬೇಕು? ಬೈಪಾಸ್ ಮಾಡಿದ ಇಲಿಗಳೂ ಹೆಚ್ಚು ಮದ್ಯ ಬಯಸಿವೆ, ಮದ್ಯವನ್ನು ನೇರ ರಕ್ತನಾಳಕ್ಕೆ ಕೊಟ್ಟಾಗಲೂ. ಕರುಳಿನ ಹೊಲಿಗೆ ಮಿದುಳಿನ ಆಸೆಯನ್ನೂ ಮುಟ್ಟುತ್ತದೆ ಎಂಬುದಕ್ಕೆ ಇದೊಂದು ಸುಳಿವು. ಇಲಿಗೆ ಯಾವ ಶೀಲವನ್ನು ಆರೋಪಿಸುತ್ತೀರಿ?

ಹಾಗಾದರೆ ಮನುಷ್ಯ ಬರೀ ಕೊಳವೆಗಳ ಜೋಡಣೆಯೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಅದೇ ವರದಿಯಲ್ಲಿ ಐವರಲ್ಲಿ ನಾಲ್ವರಿಗೆ ಹೀಗಾಗಲಿಲ್ಲ. ನಾನು ಹೇಳುತ್ತಿರುವುದು ಇಷ್ಟು: ಸಂಯಮ ಎನ್ನುವುದು ಮನಸ್ಸು ತನ್ನದೇ ದೇಹದ ಜೊತೆ ಬಹುಕಾಲ ಬಾಳಿ ಮಾಡಿಕೊಂಡ ಒಪ್ಪಂದ. ಶಸ್ತ್ರಚಿಕಿತ್ಸೆ ಆ ಒಪ್ಪಂದದ ಒಂದು ಕಡೆಯವರನ್ನೇ ಬದಲಿಸುತ್ತದೆ. ಹಳೆಯ ಲೆಕ್ಕವನ್ನೇ ನಂಬಿ ಎರಡು ಪೆಗ್ ಹಾಕಿದವನು ದಾರಿ ತಪ್ಪಿದರೆ, ಮೊದಲ ತಪ್ಪು ಅವನಿಗೆ ಮುಂಚಿತವಾಗಿ ತಿಳಿಸದವರದು. ತಿಳಿದ ಮೇಲೆ ಹೊಣೆ ಅವನದೂ ಹೌದು. ತಿಳಿಯುವ ಮುಂಚೆ ಅವನನ್ನು ನಡತೆಗೆಟ್ಟವನೆನ್ನುವುದು ಕ್ರೂರ.

ನಮ್ಮಲ್ಲಿ ಈ ತಿಳಿಸುವ ಕೆಲಸವೇ ಕಷ್ಟ. ಬೆಂಗಳೂರು, ಮಂಗಳೂರುಗಳಲ್ಲೂ ಈಗ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ‘ಕುಡಿಯುತ್ತೀರಾ?’ ಎಂದು ಡಾಕ್ಟರು ಕೇಳುವಾಗ ಪಕ್ಕದಲ್ಲಿ ಅಮ್ಮ ಇರುತ್ತಾರೆ, ಹೆಂಡತಿಯೋ ಗಂಡನೋ ಇರುತ್ತಾರೆ. ‘ಇಲ್ಲ ಸಾರ್’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಈ ಪ್ರಶ್ನೆಯನ್ನು ದಯವಿಟ್ಟು ಒಬ್ಬರೇ ಇರುವಾಗ ಕೇಳಿ. ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ ಕೇಳಿದರೆ ಸಾಲದು. ಅಮೆರಿಕದ ಆ ರೋಗಿಗಳಲ್ಲಿ ಏರಿಕೆ ಕಂಡದ್ದು ಎರಡನೇ ವರ್ಷದಲ್ಲಿ. ತೂಕ ಇಳಿದು, ಹೊಸ ಬಟ್ಟೆ ಹೊಲಿಸಿಕೊಂಡು, ಎಲ್ಲರಿಂದ ಮೆಚ್ಚುಗೆ ಪಡೆಯುತ್ತಿರುವ ಆ ಹೊತ್ತಿನಲ್ಲಿ ಇನ್ನೊಮ್ಮೆ ಕೇಳಿ.