ರಕ್ತ ಕೆಟ್ಟದ್ದೇ?



ನಮ್ಮ ವಿಹಾರದ ಹಿಂದಿನ ಆಲದ ಮರದಲ್ಲಿ ಬಾವಲಿಗಳಿವೆ. ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಮರ ಕಡಿಸುವ ಮಾತು ಬಂತು. ಮೊದಲು ಬಾಯಿ ತೆರೆದವನು ನಾನೇ. "ಅವುಗಳ ರಕ್ತವೇ ಕೆಟ್ಟದ್ದು, ಕಡಿಸಿಬಿಡೋಣ" ಎಂದೆ. ಹಿಂದೆ ಕುಳಿತಿದ್ದ ಹಿರಿಯ ಅಕ್ಕ ಕೇಳಿದರು: "ತಮ್ಮಾ, ರಕ್ತ ಕೆಟ್ಟದ್ದು ಅನ್ನೋ ಮಾತನ್ನ ನಾವು ಮೊದಲು ಯಾರ ಬಾಯಲ್ಲಿ ಕೇಳಿದ್ವಿ?"

ಉತ್ತರ ಹೊಳೆಯಲಿಲ್ಲ. ಕೇಳಿದ್ದನ್ನು ಪರೀಕ್ಷಿಸದೆ ನಂಬಬೇಡಿ ಎಂದು ಭಗವಾನರು ಕಾಲಾಮರಿಗೆ ಹೇಳಿದ್ದು ನೆನಪಾಗಿ, ಮನೆಗೆ ಬಂದು ಓದಿದೆ.

ಬಾವಲಿಗಳ ರಕ್ತದಲ್ಲಿ ಪರಜೀವಿಗಳಿರುವುದು ನಿಜ. ಒಂದಲ್ಲ, ಹಲವು ಬಗೆ. ಪಶ್ಚಿಮ ಆಫ್ರಿಕಾದ ಕಾಡುಗಳ ಬಾವಲಿಗಳ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಲೇರಿಯಾ ಬಳಗದ ನಾಲ್ಕು ಕುಲಗಳು ಸಿಕ್ಕವು: ಪ್ಲಾಸ್ಮೋಡಿಯಂ, ಹೆಪಾಟೋಸಿಸ್ಟಿಸ್, ನಿಕ್ಟೀರಿಯಾ, ಪಾಲಿಕ್ರೊಮೊಫಿಲಸ್. ಕೊನೆಯದನ್ನು ಹರಡುವುದು ಬಾವಲಿಯ ಮೈಮೇಲೆಯೇ ಬದುಕುವ ರೆಕ್ಕೆಯಿಲ್ಲದ ನೊಣ. ಆದರೆ ಇವು ಮನುಷ್ಯರಿಗೆ ಮಲೇರಿಯಾ ತರುವ ಜಾತಿಗಳಲ್ಲ. ಇವನ್ನು ಹೊತ್ತ ಬಾವಲಿಗಳೂ ಸಾಮಾನ್ಯವಾಗಿ ಕಾಯಿಲೆ ಬಿದ್ದಂತೆ ಕಾಣುವುದಿಲ್ಲ. ಬಾವಲಿ ಇಲ್ಲದೆ ಆ ನೊಣವಿಲ್ಲ, ನೊಣವಿಲ್ಲದೆ ಆ ಪರಜೀವಿಗೆ ದಾರಿಯಿಲ್ಲ. ಇದಿದ್ದರೆ ಅದು ಎಂಬ ಪ್ರತೀತ್ಯಸಮುತ್ಪಾದ ಅಲ್ಲಿ ಕಣ್ಣಿಗೇ ಕಾಣುತ್ತದೆ.

ರಕ್ತಶುದ್ಧಿಯ ವಾದ ಎಷ್ಟು ಪೊಳ್ಳು ಎಂಬುದನ್ನು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ತೋರಿಸಿದ್ದರು. ಅದನ್ನು ಎಷ್ಟೋ ಸಲ ಓದಿದ ನಾನೇ ಒಂದು ಜೀವವನ್ನು ಅದೇ ಮಾತಿನಿಂದ ತಳ್ಳಿಹಾಕಿದೆ. ನಮ್ಮನ್ನು ಬಾವಲಿಗೆ ಹೋಲಿಸಲು ಇದನ್ನು ಹೇಳುತ್ತಿಲ್ಲ. ಮೈಲಿಗೆಯ ಲೆಕ್ಕ ನನ್ನ ನಾಲಿಗೆಯಲ್ಲಿ ಇನ್ನೂ ಉಳಿದಿದೆ ಎಂದು ಒಪ್ಪಿಕೊಳ್ಳಲು ಹೇಳುತ್ತಿದ್ದೇನೆ.

ಹಾಗಾದರೆ ಅಪಾಯವೇ ಇಲ್ಲವೇ? ಇದೆ. ನಿಫಾ ವೈರಾಣು ಹಣ್ಣು ತಿನ್ನುವ ಬಾವಲಿಗಳಲ್ಲಿರುತ್ತದೆ. 2018ರಲ್ಲಿ ಕೇರಳದಲ್ಲಿ ಜೀವಗಳನ್ನೇ ತೆಗೆಯಿತು. ಮೈತ್ರಿಯೆಂದರೆ ಕಣ್ಣುಮುಚ್ಚಿ ಕೂರುವುದಲ್ಲ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕೊಲ್ಲುವ ಅಗತ್ಯವನ್ನೂ ಕೊಲ್ಲುವ ಇಚ್ಛೆಯನ್ನೂ ಬೇರೆ ಮಾಡಿ ತೋರಿಸುತ್ತಾರೆ. ಸೊಳ್ಳೆ ಬೆಳೆಯದಂತೆ ನಿಂತ ನೀರು ಚೆಲ್ಲುತ್ತೇನೆ; ಅದು ಅಗತ್ಯ. ಬಾವಲಿ ಕಚ್ಚಿದ ಹಣ್ಣು ತಿನ್ನದಿರುವುದು, ನೀರಿನ ತೊಟ್ಟಿಗೆ ಮುಚ್ಚಳ ಹಾಕುವುದು, ಅವನ್ನು ಕೈಯಿಂದ ಮುಟ್ಟದಿರುವುದು ಕೂಡ ಅಗತ್ಯ. ಇಷ್ಟರಿಂದ ಆಗುವ ಕೆಲಸಕ್ಕೆ ಮರವನ್ನೇ ಕಡಿಸಲು ಹೊರಟಿದ್ದು ನನ್ನ ಇಚ್ಛೆ. ಅದಕ್ಕೆ ಆರೋಗ್ಯದ ಹೆಸರು ಕೊಟ್ಟಿದ್ದೆ, ಅಷ್ಟೆ.

ಈ ಭಾನುವಾರ ಅಕ್ಕನ ಮುಂದೆ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತೊಟ್ಟಿಯ ಮುಚ್ಚಳದ ಖರ್ಚು ನನ್ನದು.

*ಇಂದಿನ ಚಿಂತನೆ:* ಯಾವುದನ್ನಾದರೂ "ಕೆಟ್ಟದ್ದು" ಎನ್ನುವಾಗ ನಾನು ತಿಳಿದು ಹೇಳುತ್ತಿದ್ದೇನೆಯೇ, ಅಥವಾ ನಮ್ಮನ್ನು ನೋಯಿಸಿದ ಹಳೆಯ ಮಾತನ್ನೇ ಇನ್ನೊಬ್ಬರ ಮೇಲೆ ಎಸೆಯುತ್ತಿದ್ದೇನೆಯೇ?

ಭವತು ಸಬ್ಬ ಮಂಗಲಂ. ಜೈ ಭೀಮ್ 💙