ತಿದ್ದುವ ಉಕ್ಕು

ತನ್ನಂತೆಯೇ ಇರುವ ಇನ್ನೊಬ್ಬನನ್ನು ತಿದ್ದುವ ಅಧಿಕಾರ ಮನುಷ್ಯನಿಗೆ ಎಲ್ಲಿಂದ ಬರುತ್ತದೆ? ತಂದೆ ಮಗನನ್ನು, ಗುರು ಶಿಷ್ಯನನ್ನು, ಹಿರಿಯನು ಕಿರಿಯನನ್ನು ತಿದ್ದುವುದು ಲೋಕರೂಢಿ. ಆದರೆ ತಿದ್ದುವವನೂ ಅದೇ ಮಣ್ಣಿನ ಮನುಷ್ಯನೇ ಅಲ್ಲವೆ? ವಯಸ್ಸೇ ಅಧಿಕಾರವೆಂದು ಕೆಲವರು ಹೇಳುವರು. ಯಾರಿಗೂ ಆ ಅಧಿಕಾರವಿಲ್ಲವೆಂದು ಮತ್ತೆ ಕೆಲವರು. ಎರಡೂ ಸುಲಭವಾದ ಉತ್ತರಗಳು, ಸುಲಭವಾದುದರಿಂದಲೇ ಶಂಕಾಸ್ಪದವಾದವು. ಈ ಪ್ರಶ್ನೆಗೆ ವಾಗ್ವಾದಕ್ಕಿಂತ ಹೆಚ್ಚಿನ ಬೆಳಕು ನೀಡುವ ಕೈಯುಪಕರಣವೊಂದು ಜಪಾನ್ ದೇಶದ ಕುಲುಮೆಗಳಲ್ಲಿದೆ.

ಅದರ ಹೆಸರು ಸೆನ್. ಉಕ್ಕಿನ ಒಂದು ಪಟ್ಟಿ, ಎರಡು ತುದಿಗಳಲ್ಲಿ ಮರದ ಹಿಡಿ, ನಡುವೆ ಹರಿತವಾದ ಬಾಯಿ: ಇಷ್ಟೇ ಅದರ ಸ್ವರೂಪ. ಬಡಗಿಯು ಮರವನ್ನು ಹೆರೆಯುವಂತೆ ಅಲ್ಲಿನ ಕಮ್ಮಾರನು ಇದರಿಂದ ಉಕ್ಕನ್ನೇ ಹೆರೆಯುತ್ತಾನೆ. ಸುತ್ತಿಗೆಯಿಂದ ಬಡಿದು ರೂಪಕ್ಕೆ ತಂದ ಕತ್ತಿಯ ಉಬ್ಬುತಗ್ಗುಗಳನ್ನು ತೆಗೆದು ಮೈಯನ್ನು ಸಮಗೊಳಿಸುವುದು ಇದರ ಕೆಲಸ. ಗರಗಸ ಮಾಡುವವರು ತಗಡನ್ನು ತೆಳುವಾಗಿಸುವುದಕ್ಕೂ ಇದನ್ನೇ ಬಳಸುತ್ತಿದ್ದರು. 1876ರಲ್ಲಿ ಆ ದೇಶದ ಸರಕಾರವು ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಿದಾಗ ಅನೇಕ ಖಡ್ಗಕಾರರು ಅಡಿಗೆಮನೆಯ ಚಾಕು, ಕತ್ತರಿಗಳ ಕೆಲಸಕ್ಕೆ ಇಳಿದರು. ಯುದ್ಧದ ಅಲಗಿಗೂ ತರಕಾರಿ ಹೆಚ್ಚುವ ಅಲಗಿಗೂ ಹೆರೆಯುವ ಕೆಲಸ ಮಾತ್ರ ಒಂದೇ.

ವಿಶೇಷವೆಂದರೆ ಸೆನ್ನನ್ನು ಕಮ್ಮಾರನು ಸಾಮಾನ್ಯವಾಗಿ ತಾನೇ ಮಾಡಿಕೊಳ್ಳುತ್ತಾನೆ. ಸವೆದುಹೋದ ಹಳೆಯ ಅರವೊಂದು ದೊರೆತರೂ ಸಾಕು. ಅದರಲ್ಲಿ ನೂರಕ್ಕೆ ಒಂದರಷ್ಟು ಇಂಗಾಲವಿರುವುದರಿಂದ ಅದು ಚೆನ್ನಾಗಿ ಗಟ್ಟಿಯಾಗಬಲ್ಲ ಉಕ್ಕು. ಮೊದಲು ಅದನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ರಾತ್ರಿಯೆಲ್ಲ ನಿಧಾನವಾಗಿ ಆರಲು ಬಿಡಬೇಕು. ಆಗ ಅದು ಮೆತ್ತಗಾಗುತ್ತದೆ. ಮೆತ್ತಗಾದ ಉಕ್ಕಿನ ಹಲ್ಲುಗಳನ್ನು ಉಜ್ಜಿ ತೆಗೆದು, ಬಾಯಿಯನ್ನು ಇಳಿಜಾರಾಗಿ ತಿದ್ದಿ, ಹಿಡಿ ಕೂರಿಸಲು ತುದಿಗಳನ್ನು ಬಡಿದು ಎಳೆಯುತ್ತಾರೆ. ಬಳಿಕ ಮತ್ತೆ ಬೆಂಕಿ. ಸುಮಾರು 770 ಡಿಗ್ರಿ ಶಾಖದಲ್ಲಿ ಕಬ್ಬಿಣವು ಸೂಜಿಗಲ್ಲಿನ ಸೆಳೆತಕ್ಕೆ ಒಳಪಡುವುದನ್ನು ಬಿಟ್ಟುಬಿಡುತ್ತದೆ. ಅದಕ್ಕಿಂತ ತುಸು ಮೇಲಕ್ಕೆ ಕಾಯಿಸಿ ಒಮ್ಮೆಲೇ ಎಣ್ಣೆಯಲ್ಲಿಯೋ ನೀರಿನಲ್ಲಿಯೋ ಅದ್ದಿದರೆ ಬಾಯಿ ಗಾಜಿನಷ್ಟು ಗಡುಸಾಗುತ್ತದೆ. ಗಾಜಿನಂತೆಯೇ ಸಿಡಿಯಲೂ ಬಲ್ಲದು. ಆದುದರಿಂದ ಇನ್ನೊಮ್ಮೆ, ಈ ಸಲ ಸುಮಾರು 200 ಡಿಗ್ರಿಗಳ ಮಂದ ಶಾಖದಲ್ಲಿ, ಉಜ್ಜಿ ಬೆಳಗಿಸಿದ ಮೈಯ ಮೇಲೆ ಒಣಹುಲ್ಲಿನ ತಿಳಿಹಳದಿ ಕಾಣುವವರೆಗೆ ಕಾಯಿಸಿ ಅದರ ಉಗ್ರತೆಯನ್ನು ತುಸು ಇಳಿಸುತ್ತಾರೆ. ಕೊನೆಯದಾಗಿ ಸಾಣೆಕಲ್ಲು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಹೆರೆಯುವ ಸೆನ್ ಉಕ್ಕು, ಹೆರೆಯಲ್ಪಡುವ ಅಲಗೂ ಉಕ್ಕು. ಜಾತಿಯಿಂದ ಒಂದು ಮೇಲಲ್ಲ, ಇನ್ನೊಂದು ಕೀಳಲ್ಲ. ಭೇದವಿರುವುದು ಪಟ್ಟ ಪಾಡಿನಲ್ಲಿ ಮಾತ್ರ. ಒಂದು ಬೆಂಕಿ ನೀರುಗಳನ್ನು ದಾಟಿ ಬಂದಿದೆ, ಇನ್ನೊಂದು ಇನ್ನೂ ದಾಟಬೇಕಾಗಿದೆ. ಅಷ್ಟೇ ಅಲ್ಲ, ಇಂದು ಹೆರೆಯುವ ಸೆನ್ನೂ ನಿನ್ನೆ ಬೂದಿಯಲ್ಲಿ ಮಲಗಿ ಮೆತ್ತಗಾಗಿ, ಅರದ ಏಟಿಗೆ ಮೈಯೊಡ್ಡಿದ್ದೇ. ತಿದ್ದಿಸಿಕೊಳ್ಳದ ತಂದೆ ಮಗನನ್ನು ತಿದ್ದಲು ಹೊರಟಾಗ ಮನೆಯಲ್ಲಿ ಆಗುವ ಗೀರುಗಾಯಗಳನ್ನು ಯಾರು ಕಂಡಿಲ್ಲ? ಮೊಂಡಾದ ಸೆನ್ ಹೆರೆಯುವುದಿಲ್ಲ, ಪರಚುತ್ತದೆ. ಆಗ ಅಲಗನ್ನು ಬೈಯುವ ಕೆಲಸಗಾರನೂ ಉಂಟು; ಬಲ್ಲವನು ಸುಮ್ಮನೆ ಎದ್ದು ಸಾಣೆಕಲ್ಲಿನ ಬಳಿಗೆ ಹೋಗುತ್ತಾನೆ.

ಬಳಸುವ ಕ್ರಮವೂ ಮನನೀಯವಾದುದು. ಅಲಗನ್ನು ಮರದ ತೊಲೆಗೆ ಅಲುಗದಂತೆ ಬಿಗಿದು, ಸೆನ್ನನ್ನು ಎರಡು ಕೈಗಳಿಂದಲೂ ಹಿಡಿದು, ಮೈಭಾರವನ್ನು ತೂಗಿ ಬಿಟ್ಟು ನೂಕಬೇಕು. ಬಾಯಿ ಸರಿಯಾಗಿದ್ದರೆ ಉಕ್ಕು ಸಣ್ಣ ಸುರುಳಿಗಳಾಗಿ ಏಳುತ್ತದೆ. ಒಂದೇ ದಿಕ್ಕಿನಲ್ಲಿ ಹೆರೆಯುತ್ತ ಹೋದರೆ ಮೈಮೇಲೆ ಅಲೆಯಲೆಯಾದ ಗೆರೆಗಳು ಮೂಡಿ, ಮುಂದಿನ ಪ್ರತಿಯೊಂದು ಎಳೆತವೂ ಅದೇ ಅಲೆಯನ್ನು ಆಳಗೊಳಿಸುತ್ತದೆ. ಒಂದೇ ಮಾತನ್ನು ನೂರು ಸಲ ಹೇಳುವ ಹಿರಿಯರಿಗೆ ಇದು ಗೊತ್ತಿದ್ದರೆ ಚೆನ್ನಾಗಿತ್ತು! ಕಮ್ಮಾರನು ಹಿಡಿಯನ್ನು ಓರೆ ಮಾಡಿ, ಅಲೆಗಳನ್ನು ಅಡ್ಡಹಾಯ್ದು ಹೆರೆದು ಅವುಗಳನ್ನು ಅಳಿಸುತ್ತಾನೆ. ಯಂತ್ರದ ಸಾಣೆಚಕ್ರವು ಇದಕ್ಕಿಂತ ಬೇಗ ಕೆಲಸ ಮುಗಿಸುವುದು ನಿಜ. ಆದರೆ ಅದರ ಜೊತೆಗೆ ಕಿಡಿಯೂ ಕಾವೂ ಉಂಟು.

ಮನುಷ್ಯನು ಕಬ್ಬಿಣವಲ್ಲವೆಂಬ ಆಕ್ಷೇಪ ಇಲ್ಲಿ ಏಳದಿರದು. ಅಲಗಿಗೆ ಸಮ್ಮತಿ ಅಸಮ್ಮತಿಗಳಿಲ್ಲ, ಮಗನಿಗೆ ಉಂಟು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ನಿರ್ಜೀವವಾದ ಉಕ್ಕನ್ನು ಕೂಡ ಕಮ್ಮಾರನು ಬಿಗಿಯಾಗಿರುವಾಗ ಹೆರೆಯಲು ಹೋಗುವುದಿಲ್ಲ. ಒಂದು ರಾತ್ರಿಯ ಬೂದಿಯ ಬೆಚ್ಚನೆಯನ್ನು ಅದಕ್ಕೆ ಕೊಟ್ಟು, ಅದು ಸಡಿಲಗೊಳ್ಳುವವರೆಗೆ ಕಾಯುತ್ತಾನೆ. ಸಮ್ಮತಿಯುಳ್ಳ ಜೀವಕ್ಕೆ ಅಷ್ಟು ಕಾಲವನ್ನೂ ಕೊಡದವರೇ ಹೆಚ್ಚು.

ಹೆರೆತ ಮುಗಿದ ಮೇಲೆ ಖಡ್ಗಕ್ಕೆ ಜೇಡಿಮಣ್ಣು ಬಳಿಯುತ್ತಾರೆ, ಬಾಯಿಯ ಕಡೆ ತೆಳುವಾಗಿ, ಬೆನ್ನಿನ ಕಡೆ ದಪ್ಪವಾಗಿ. ಕಾಯಿಸಿ ನೀರಿಗಿಳಿಸಿದೊಡನೆ ಬಾಯಿ ಗಡುಸಾಗುತ್ತದೆ, ಬೆನ್ನು ಮೃದುವಾಗಿ ಉಳಿಯುತ್ತದೆ. ಆ ಬೆನ್ನಿನ ಬದಿಯಲ್ಲಿ ಕಾಲುವೆಯಂಥ ಗೆರೆಯನ್ನು ಅನಂತರವೂ ಹೆರೆಯಲು ಸಾಧ್ಯ. ಬಾಯಿಯ ಮೇಲೆ ಮಾತ್ರ ಸೆನ್ ಜಾರುತ್ತದೆ. ಬಲ ಹಾಕಿದರೆ ಮುಕ್ಕಾಗುವುದು ಸೆನ್ನಿನ ಬಾಯಿಯೇ. ಈಗ ಅಲಗೂ ಸೆನ್ನೂ ಸಮಾನ. ಮುಂದಿನ ಕೆಲಸ ಕಲ್ಲಿನದು, ನೀರಿನದು. ಬಹುಮಟ್ಟಿಗೆ ಅದು ಬೇರೊಬ್ಬ ಕುಶಲಿಯ ಕೈಗೆ ಹೋಗುತ್ತದೆ. ಕಮ್ಮಾರನು ಸೆನ್ನನ್ನು ಒರಸಿ, ಎಣ್ಣೆ ಸವರಿ, ಬೂದಿಯಲ್ಲಿ ಆರುತ್ತಿರುವ ಇನ್ನೊಂದು ಅಲಗನ್ನು ನೋಡಲು ಹೋಗುತ್ತಾನೆ.